ಕಲ್ಯಾಣದಿಂದ ಕ್ಯಾಲಿಫೋರ್ನಿಯಾಕ್ಕೆ: ಕೊಂಡ ಮಾಲು ಯಾವಾಗ ನಮ್ಮದು?



ನಿಮ್ಮಲ್ಲಿ ಅನೇಕರು ಈಗಷ್ಟೇ ಸ್ವಂತ ದುಡ್ಡಿನಲ್ಲಿ ಏನಾದರೂ ಕೊಳ್ಳಲು ಶುರು ಮಾಡಿದವರು. ಸೆಕೆಂಡ್ ಹ್ಯಾಂಡ್ ಕಾರು, ಸೈಕಲ್, ಲ್ಯಾಪ್‌ಟಾಪ್, ವಿಡಿಯೋ ಗೇಮ್. ದುಡ್ಡು ಕೊಟ್ಟೆ, ವಸ್ತು ಬಂತು, ನನ್ನದಾಯಿತು; ಇದರಲ್ಲಿ ಕೇಳುವುದೇನಿದೆ ಅನ್ನಿಸಬಹುದು. ಹಾಗಾದರೆ ಇದನ್ನು ನೋಡಿ. ಫ್ರೀಮಾಂಟಿನಲ್ಲಿ ಒಬ್ಬನಿಂದ ನೀವು 300 ಡಾಲರಿಗೆ ಒಂದು ಸೈಕಲ್ ಕೊಂಡಿರಿ ಅಂತಿಟ್ಟುಕೊಳ್ಳಿ. ಎರಡು ತಿಂಗಳಾದ ಮೇಲೆ ಬೇರೆ ಯಾರೋ ಬಂದು, ಚೌಕಟ್ಟಿನ ಮೇಲೆ ಕೆತ್ತಿದ ಸೀರಿಯಲ್ ನಂಬರ್ ತೋರಿಸಿ, ರಸೀದಿ ತೋರಿಸಿ, ಇದು ನನ್ನ ಮನೆಯಿಂದ ಕಳುವಾದ ಸೈಕಲ್ ಅನ್ನುತ್ತಾನೆ. ನೀವು ಕದ್ದಿಲ್ಲ. ಪೂರ್ತಿ ಹಣ ಕೊಟ್ಟಿದ್ದೀರಿ. ಈಗ ಸೈಕಲ್ ಯಾರದು?

ಅವನದು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲೂ ಅವನದು, ನಿಮ್ಮ ಅಜ್ಜಿಯ ಊರಾದ ಹಾವೇರಿಯಲ್ಲೋ ತುಮಕೂರಿನಲ್ಲೋ ಹೀಗಾಗಿದ್ದರೂ ಅವನದೇ. ಕಳ್ಳನ ಹತ್ತಿರ ಒಡೆತನವೇ ಇರಲಿಲ್ಲ. ಇಲ್ಲದ್ದನ್ನು ಅವನು ನಿಮಗೆ ಹೇಗೆ ಮಾರಿಯಾನು? ನೀವು ಕೊಟ್ಟ ದುಡ್ಡಿಗೆ ಆ ಮಾರಿದವನನ್ನೇ ಹುಡುಕಿಕೊಂಡು ಹೋಗಬೇಕು. ಅವನು ಸಿಕ್ಕರೆ!

ಈ ನಿಯಮವನ್ನು ಬಿಳಿಯರು ತಂದದ್ದು ಅಂತ ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಇದನ್ನು ವಿವರಿಸಿ ಬರೆದ ಒಂದು ದೊಡ್ಡ ಗ್ರಂಥ ಹುಟ್ಟಿದ್ದು ಕನ್ನಡ ನಾಡಿನಲ್ಲಿ, ಸುಮಾರು 900 ವರ್ಷಗಳ ಹಿಂದೆ. ಈಗ ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣ ಆಗ ಬರೀ ಕಲ್ಯಾಣ, ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಸಂಸ್ಕೃತ ವ್ಯಾಖ್ಯಾನವೇ ಮಿತಾಕ್ಷರ. ಈ ಹೆಸರನ್ನು ನಿಮ್ಮ ಮನೆಯಲ್ಲಿ ಯಾರಾದರೂ ಹಿರಿಯರು ಆಸ್ತಿ ಪಾಲಿನ ಜಗಳದ ಸಂದರ್ಭದಲ್ಲಿ ಹೇಳಿದ್ದನ್ನು ಕೇಳಿರಬಹುದು. ಅದಕ್ಕೊಂದು ಕಾರಣವಿದೆ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಆ ಗ್ರಂಥದ ದಾಯಭಾಗದ ಪ್ರಕರಣವನ್ನಷ್ಟೇ ಇಂಗ್ಲಿಷಿಗೆ ತಂದ, ಕೋರ್ಟುಗಳು ಅದನ್ನೇ ಹಿಡಿದುಕೊಂಡವು. ಮಿಕ್ಕ ಭಾಗ ಪಂಡಿತರ ಕಪಾಟಿನಲ್ಲಿ ಉಳಿಯಿತು.

ಆ ಮಿಕ್ಕ ಭಾಗದಲ್ಲಿ ವ್ಯಾಪಾರದ ಪ್ರಕರಣಗಳಿವೆ. ಒಂದರ ಹೆಸರು ಅಸ್ವಾಮಿವಿಕ್ರಯ, ಅಂದರೆ ಒಡೆಯನಲ್ಲದವನು ಮಾಡಿದ ಮಾರಾಟ. ನಿಮ್ಮ ಸೈಕಲ್ಲಿನ ಕಥೆ ಪೂರ್ತಿ ಅಲ್ಲಿದೆ. ತನ್ನ ವಸ್ತುವನ್ನು ಇನ್ನೊಬ್ಬ ಮಾರಿದ್ದರೆ ಒಡೆಯ ಅದನ್ನು ವಾಪಸು ಪಡೆಯಬಹುದು. ಕೊಂಡವನು ತನಗೆ ಮಾರಿದವನನ್ನು ತಂದು ತೋರಿಸಿದರೆ ಅಪವಾದದಿಂದ ಪಾರು. ವಸ್ತು ಒಡೆಯನಿಗೆ, ದಂಡ ರಾಜನಿಗೆ, ಕೊಟ್ಟ ಬೆಲೆ ಕೊಂಡವನಿಗೆ ವಾಪಸು. ಆದರೆ ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರಾ ಕಡಿಮೆ ಬೆಲೆಗೆ, ಅಂಥ ವಸ್ತು ಇರಲು ಸಾಧ್ಯವೇ ಇಲ್ಲದವನಿಂದ ಕೊಂಡಿದ್ದರೆ ಕೊಂಡವನೂ ಕಳ್ಳನೇ. ರಾತ್ರಿ ಹನ್ನೊಂದಕ್ಕೆ ಕಾಲ್‌ಟ್ರೇನ್ ನಿಲ್ದಾಣದ ಪಾರ್ಕಿಂಗಿನಲ್ಲಿ 80 ಡಾಲರಿಗೆ ಹೊಸ ಐಫೋನ್ ಕೊಡುತ್ತೇನೆ ಅನ್ನುವವನ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ಇನ್ನೊಂದು ಪ್ರಕರಣ ಕ್ರೀತಾನುಶಯ. ಕೊಂಡ ಮೇಲೆ ಬೇಡವೆನಿಸುವುದು. ನಾವೀಗ ರಿಟರ್ನ್ ಪಾಲಿಸಿ ಅನ್ನುತ್ತೇವಲ್ಲ, ಅದೇ. ಸ್ಮೃತಿ ಪ್ರತಿಯೊಂದು ಮಾಲಿಗೂ ಪರೀಕ್ಷೆಯ ಅವಧಿ ಗೊತ್ತುಮಾಡುತ್ತದೆ: ಬಿತ್ತನೆ ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಎಳೆಯುವ ಎತ್ತಿಗೆ 5, ರತ್ನಕ್ಕೆ 7, ಹಾಲು ಕರೆಯುವ ಹಸುವಿಗೆ 3. ಲೆಕ್ಕಾಚಾರ ನೋಡಿ. ಕಬ್ಬಿಣ ಚೆನ್ನಾಗಿದೆಯೋ ಇಲ್ಲವೋ ಒಂದು ದಿನದಲ್ಲಿ ಗೊತ್ತಾಗುತ್ತದೆ; ಬೀಜ ಮೊಳೆಯುತ್ತದೋ ಇಲ್ಲವೋ ತಿಳಿಯಲು ಹತ್ತು ದಿನ ಬೇಕೇ ಬೇಕು. ಹಸುವನ್ನು ಮೂರು ದಿನ ಕರೆದರೆ ಮಾರಿದವನು ಹೇಳಿದ ಹಾಲಿನ ಲೆಕ್ಕ ನಿಜವೋ ಸುಳ್ಳೋ ಬಯಲಾಗುತ್ತದೆ. ಇದನ್ನು ಬರೆದವರು ಸಂತೆ ಕಂಡವರು.

ಈ ಪಟ್ಟಿಯಲ್ಲಿ ನಾನು ಎರಡನ್ನು ಬಿಟ್ಟೆ. ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು.

ಹೌದು, ಮನುಷ್ಯರು. ಬೀಜ, ಕಬ್ಬಿಣ, ಎತ್ತುಗಳ ಸಾಲಿನಲ್ಲೇ, ಪರೀಕ್ಷಿಸಿ ವಾಪಸು ಮಾಡಬಹುದಾದ ಸರಕು. ನಮ್ಮ ಹಿರಿಯರ ಜಾಣ್ಮೆಯನ್ನು ಹೊಗಳುವ ಉಪನ್ಯಾಸಗಳಲ್ಲಿ ಈ ಎರಡು ಸಾಲುಗಳು ಮೆಲ್ಲಗೆ ಜಾರಿಹೋಗುತ್ತವೆ. ಜಾರಿಸಬಾರದು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಸರಕಿನ ಮಾರಾಟದ ಕಾನೂನು ಎಷ್ಟೇ ನ್ಯಾಯವಾಗಿದ್ದರೂ ಅದು ಮೊದಲು ಒಂದು ಪ್ರಶ್ನೆಗೆ ಉತ್ತರಿಸಿಯೇ ಮುಂದೆ ಹೋಗುತ್ತದೆ: ಸರಕು ಅಂದರೆ ಏನು? ಆ ಉತ್ತರ ಕೆಟ್ಟದ್ದಾದರೆ ಮುಂದಿನ ಅಚ್ಚುಕಟ್ಟಿನ ನಿಯಮಗಳೆಲ್ಲ ಅದೇ ಕೆಡುಕಿನ ಸೇವೆ ಮಾಡುತ್ತವೆ.

ಇದೇ ಪ್ರಶ್ನೆ ನಮ್ಮನ್ನು ಧಾರವಾಡದ ಹತ್ತಿಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿಂದ ಅಮೆರಿಕ ದೂರವಿಲ್ಲ.

1840ರ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ಭಾಗದಿಂದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ತೋಟಗಳ ನಾಡಿನವರು ಅವರು. ಅವರ ಜೊತೆ ನ್ಯೂ ಆರ್ಲಿಯನ್ಸ್ ತಳಿಯ ಬೀಜವೂ, ಹತ್ತಿ ಹಿಂಜುವ ಗರಗಸದ ಯಂತ್ರವೂ ಬಂದವು. ದೇಶದ ಬಹಳ ಕಡೆ ಆ ಬೀಜ ಸೋತಿತು; ಧಾರವಾಡದ ಕಪ್ಪು ಮಣ್ಣಿನಲ್ಲಿ ಮಾತ್ರ ಒಗ್ಗಿಕೊಂಡಿತು. ಹಾಗೆ ಹುಟ್ಟಿದ್ದು ಧಾರವಾಡ-ಅಮೆರಿಕನ್ ಎಂಬ ಹತ್ತಿ. ಅಲ್ಲಿನ ನಾಡ ಹತ್ತಿಯನ್ನು ಎತ್ತುಗಳ ಮೇಲೆ ಹೇರಿ ಘಟ್ಟ ಇಳಿಸಿ ಕುಮಟಾ ಬಂದರಿನಿಂದ ಮುಂಬಯಿಗೆ ಸಾಗಿಸುತ್ತಿದ್ದರು. ಬೆಳೆದ ಊರಿನ ಹೆಸರಿನ ಬದಲು ಹಡಗೇರಿದ ಊರಿನ ಹೆಸರೇ ಅದಕ್ಕೆ ಅಂಟಿತು. ಲಿವರ್‌ಪೂಲ್ ಪೇಟೆಯ ದರಪಟ್ಟಿಯಲ್ಲಿ ಧಾರವಾಡ, ಕುಮಟಾ ಎರಡೂ ಹತ್ತಿಯ ಜಾತಿಗಳ ಹೆಸರಾಗಿ ಕಾಣಿಸಿಕೊಂಡವು. ನಿಮ್ಮಲ್ಲಿ ಕುಮಟೆಯ ಕಡೆಯವರು ಯಾರಾದರೂ ಇದ್ದರೆ ಇದನ್ನು ಮನೆಯಲ್ಲಿ ಹೇಳಿ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಮನುಷ್ಯ ಸರಕೋ ಅಲ್ಲವೋ ಎಂಬುದೇ ಆ ಯುದ್ಧದ ಬೇರು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು, ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಇಲ್ಲ, ಎಲ್ಲರ ಕಣ್ಣು ಪಶ್ಚಿಮ ಭಾರತದ ಮೇಲೆ. ಬೆಲೆ ಏರುತ್ತ ಹೋಯಿತು. ಹತ್ತಿಯ ಒತ್ತಡ ಎಷ್ಟಿತ್ತೆಂದರೆ ಅದುವರೆಗೆ ಮದ್ರಾಸಿಗೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು, ಕಾರವಾರವನ್ನು ಧಾರವಾಡದ ಹತ್ತಿಗೆ ಬಂದರು ಮಾಡಬೇಕು ಅಂತ. ಇವತ್ತಿಗೂ ಮಂಗಳೂರು ಮತ್ತು ಕಾರವಾರ ಬೇರೆ ಬೇರೆ ಚರಿತ್ರೆ ಹೇಳುತ್ತವೆ. ಅದರ ಹಿಂದೆ ಈ ಅಂಡಿಗೆಗಳಿವೆ.

ಬೆಲೆ ಏರಿದಾಗ ಕಲಬೆರಕೆಯೂ ಏರುತ್ತದೆ. ಹತ್ತಿಗೆ ಬೀಜ ಸೇರಿಸುವುದು, ಮಣ್ಣು ಸೇರಿಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು, ಉತ್ತಮ ಹತ್ತಿಯ ಅಂಡಿಗೆಯೊಳಗೆ ಕೀಳು ಹತ್ತಿ ತುರುಕುವುದು. ಮುಂಬಯಿ ಸರ್ಕಾರ 1829ರಲ್ಲೇ ಇದಕ್ಕೊಂದು ಕಟ್ಟಳೆ ಮಾಡಿತ್ತು, 1863ರಲ್ಲಿ ಹತ್ತಿ ಮೋಸ ತಡೆಯಲೆಂದೇ ಇನ್ನೊಂದು ಕಾಯಿದೆ ತಂದಿತು. ಆದರೆ ಲಿವರ್‌ಪೂಲಿನಲ್ಲಿ ಕೊಳ್ಳುವವನು ಮಾಲನ್ನು ಕಣ್ಣಿಂದ ಕಂಡೇ ಇಲ್ಲ. ಹತ್ತಿ ಇನ್ನೂ ಸಮುದ್ರದ ಮೇಲಿದೆ. ಅವನು ಕೊಳ್ಳುತ್ತಿರುವುದು ಒಂದು ಹೆಸರನ್ನು, ಒಂದು ದರ್ಜೆಯನ್ನು, ಒಂದು ಹಡಗಿನ ವಿವರವನ್ನು. ನೀವು ಫೋಟೋ ನೋಡಿ ಆನ್‌ಲೈನಿನಲ್ಲಿ ಶೂ ಕೊಳ್ಳುವಾಗ ಆಗುವುದೂ ಇದೇ.

ಹೆಸರನ್ನು ನಂಬಿ ಕೊಳ್ಳುವುದರ ಅಪಾಯಕ್ಕೆ ಲಾ ಕಾಲೇಜುಗಳಲ್ಲಿ ಇವತ್ತಿಗೂ ಓದಿಸುವ ಮೊಕದ್ದಮೆ ಆ ವರ್ಷಗಳದ್ದೇ, 1864ರ ರಾಫಲ್ಸ್ ಮತ್ತು ವಿಚೆಲ್‌ಹೌಸ್. ಮುಂಬಯಿಯಿಂದ ಪೀರ್‌ಲೆಸ್ ಹಡಗಿನಲ್ಲಿ ಬರಲಿರುವ 125 ಬೇಲು ಹತ್ತಿ, ಪೌಂಡಿಗೆ 17¼ ಪೆನ್ಸ್. ಇದು ಗುಜರಾತಿನ ಧೋಲೇರಾ ಹತ್ತಿ, ನಮ್ಮದಲ್ಲ. ತೊಡಕು ಏನಾಯಿತೆಂದರೆ ಮುಂಬಯಿಯಿಂದ ಪೀರ್‌ಲೆಸ್ ಎಂಬ ಹೆಸರಿನ ಎರಡು ಹಡಗುಗಳು ಹೊರಟಿದ್ದವು, ಒಂದು ಅಕ್ಟೋಬರಿನಲ್ಲಿ, ಇನ್ನೊಂದು ಡಿಸೆಂಬರಿನಲ್ಲಿ. ಮಾರುವವನ ಮನಸ್ಸಿನಲ್ಲಿ ಡಿಸೆಂಬರಿನದು, ಕೊಳ್ಳುವವನ ಮನಸ್ಸಿನಲ್ಲಿ ಅಕ್ಟೋಬರಿನದು. ಕೊಳ್ಳುವವನು ಹಣ ಕೊಡುವುದಿಲ್ಲ ಅಂದ; ಕೋರ್ಟು ಅವನ ಪರ ನಿಂತಿತು, ಕಾರಣವನ್ನೂ ವಿವರಿಸಲಿಲ್ಲ. ಇಬ್ಬರೂ ಒಂದೇ ಹೆಸರು ಹೇಳಿದರೂ ಒಂದೇ ವಸ್ತುವನ್ನು ಹೇಳಿರಲಿಲ್ಲ ಎಂಬುದು ಆಮೇಲಿನವರು ಅದರಿಂದ ತೆಗೆದ ಪಾಠ.

ಈಗ ನಿಮ್ಮ ಊರಿಗೆ ಬರೋಣ. 1849ರ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಇದೇ ಗೋಳು, ಇನ್ನೂ ಕೆಟ್ಟದಾಗಿ. ಚಿನ್ನದ ಸುದ್ದಿ ಕೇಳಿ ಪ್ರಪಂಚದ ವ್ಯಾಪಾರಿಗಳೆಲ್ಲ ಕುರುಡಾಗಿ ಮಾಲು ಕಳಿಸಿದರು. ಹಡಗು ಬರಲು ತಿಂಗಳುಗಟ್ಟಲೆ ಬೇಕು. ಹೊರಟಾಗ ಚಿನ್ನದ ಬೆಲೆಯಿದ್ದ ಮಾಲು ತಲುಪುವಾಗ ಕಸ. ಮಾಂಟ್‌ಗೊಮರಿ ಬೀದಿಯ ಕೆಸರಿನಲ್ಲಿ ನಡೆಯಲು ಹಿಟ್ಟಿನ ಮೂಟೆ, ಅಡುಗೆ ಒಲೆ, ತಂಬಾಕಿನ ಪೆಟ್ಟಿಗೆಗಳನ್ನೇ ಹಾಸಿ ಕಾಲುದಾರಿ ಮಾಡಿದ್ದರು. ಮುಳುಗಿದ ನಷ್ಟ ಯಾರದು, ಕಳಿಸಿದವನದೋ ತರಿಸಿದವನದೋ? ಹೇಳಲು ಕಾನೂನೇ ಇರಲಿಲ್ಲ. 1850ರ ಏಪ್ರಿಲ್ 13ರಂದು ಕ್ಯಾಲಿಫೋರ್ನಿಯಾದ ಶಾಸನಸಭೆ ಇಂಗ್ಲೆಂಡಿನ ಸಾಮಾನ್ಯ ಕಾನೂನನ್ನೇ ನ್ಯಾಯತೀರ್ಪಿನ ಆಧಾರವೆಂದು ಒಪ್ಪಿಕೊಂಡಿತು. ಹೀಗೆ ಧಾರವಾಡವೂ ಸ್ಯಾನ್ ಫ್ರಾನ್ಸಿಸ್ಕೋವೂ ಒಂದೇ ಮನೆತನದ ಕಾನೂನಿಗೆ ಬಂದವು.

ಮುಂದಿನದು ನನಗೆ ಈ ಕಥೆಯಲ್ಲೇ ತುಂಬ ಇಷ್ಟವಾದ ಭಾಗ. ನ್ಯೂಯಾರ್ಕಿನಲ್ಲಿ ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲ ಇದ್ದ. ತೀರ್ಪುಗಳ ಕಾಡಿನಲ್ಲಿ ಹರಡಿದ್ದ ಕಾನೂನನ್ನು ಯಾರು ಬೇಕಾದರೂ ಓದುವಂತೆ ಒಂದೇ ಸಂಹಿತೆ ಮಾಡಬೇಕೆಂಬುದು ಅವನ ಹಟ. 1865ರಲ್ಲಿ ಕರಡು ಸಿದ್ಧವಾಯಿತು. ಅವನ ಸ್ವಂತ ನ್ಯೂಯಾರ್ಕ್ ಅದನ್ನು ಕೊನೆಗೂ ಒಪ್ಪಲಿಲ್ಲ. ಅವನ ತಮ್ಮ ಸ್ಟೀಫನ್ ಫೀಲ್ಡ್ 1849ರಲ್ಲೇ ಕ್ಯಾಲಿಫೋರ್ನಿಯಾಕ್ಕೆ ಬಂದು ಇಲ್ಲಿನ ಮುಖ್ಯ ನ್ಯಾಯಮೂರ್ತಿಯಾಗಿ, 1863ರಲ್ಲಿ ಲಿಂಕನ್ ಕೈಯಿಂದ ಸುಪ್ರೀಂ ಕೋರ್ಟಿಗೆ ನೇಮಕವಾದವನು. ಅಣ್ಣನ ಕರಡನ್ನು ಆಧರಿಸಿದ ಸಿವಿಲ್ ಕೋಡ್ ಕ್ಯಾಲಿಫೋರ್ನಿಯಾದಲ್ಲಿ ಅಂಗೀಕಾರವಾದದ್ದು 1872ರ ಮಾರ್ಚ್ 21ರಂದು. ಐದು ವಾರ ಕಳೆದು, ಏಪ್ರಿಲ್ 25ರಂದು, ಭಾರತದ ಕರಾರು ಕಾಯಿದೆಗೆ ವೈಸ್‌ರಾಯ್ ಅಂಕಿತ ಬಿತ್ತು. ಅದನ್ನು ಬರೆದವರ ಮೇಜಿನ ಮೇಲೂ ಫೀಲ್ಡ್‌ನ ಕರಡಿತ್ತು!

ಗುರುತು ಇವತ್ತಿಗೂ ಇದೆ. ಎರಡೂ ಕಡೆಯವರು ಒಂದೇ ವಸ್ತುವಿಗೆ ಒಂದೇ ಅರ್ಥದಲ್ಲಿ ಒಪ್ಪಿದರಷ್ಟೇ ಸಮ್ಮತಿ ಎಂಬ ಮಾತು ಭಾರತದ ಕಾಯಿದೆಯ 13ನೆಯ ಕಲಮಿನಲ್ಲಿದೆ, ಕ್ಯಾಲಿಫೋರ್ನಿಯಾ ಸಿವಿಲ್ ಕೋಡಿನ 1580ನೆಯ ಕಲಮಿನಲ್ಲೂ ಇದೆ, ಹೆಚ್ಚುಕಡಿಮೆ ಪದಕ್ಕೆ ಪದ. ಎರಡು ಪೀರ್‌ಲೆಸ್ ಹಡಗುಗಳ ಜಗಳ ಬಿಡಿಸಲು ಅದೊಂದೇ ವಾಕ್ಯ ಸಾಕಾಗಿತ್ತು. ಇನ್ನೊಂದು ಗುರುತು ನಿಮ್ಮ ಅಪ್ಪ ಅಮ್ಮಂದಿರಿಗೆ ಗೊತ್ತಿರುತ್ತದೆ: ಒಂದು ಕಂಪನಿ ಬಿಟ್ಟು ಎದುರಾಳಿ ಕಂಪನಿಗೆ ಹೋಗಬಾರದೆಂಬ ಕರಾರು ಇಲ್ಲಿ ಸಿಲಿಕಾನ್ ವ್ಯಾಲಿಯಲ್ಲೂ ನಡೆಯುವುದಿಲ್ಲ, ಬೆಂಗಳೂರಿನಲ್ಲೂ ನಡೆಯುವುದಿಲ್ಲ. ಎರಡಕ್ಕೂ ಫೀಲ್ಡ್‌ನ ಅದೇ ಸಾಲೇ ಮೂಲ. ನ್ಯೂಯಾರ್ಕ್ ಬೇಡವೆಂದ ಕೂಸನ್ನು ಎರಡು ಊರುಗಳು ಸಾಕಿಕೊಂಡವು.

1872ರ ಭಾರತದ ಕಾಯಿದೆಯಲ್ಲಿ ಸರಕು ಮಾರಾಟಕ್ಕೆ 76ರಿಂದ 123ರವರೆಗಿನ ಕಲಮುಗಳಿದ್ದವು. ಕಾಲಕ್ಕೆ ಅವು ಸಾಲಲಿಲ್ಲ. ಈ ನಡುವೆ ಇಂಗ್ಲೆಂಡಿನಲ್ಲಿ ಮೆಕೆಂಜಿ ಚಾಲ್ಮರ್ಸ್ ಬರೆದ 1893ರ ಸರಕು ಮಾರಾಟ ಕಾಯಿದೆ ಬಂದಿತ್ತು. ಭಾರತ ಅದನ್ನೇ ಮಾದರಿಯಾಗಿಟ್ಟುಕೊಂಡು ತನ್ನದನ್ನು ಮಾಡಿತು. ಜಾರಿಗೆ ಬಂದದ್ದು 1930ರ ಜುಲೈ 1. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ವಿಲಿಸ್ಟನ್ ಕೂಡ ಅದನ್ನೇ ಅನುಸರಿಸಿ 1906ರಲ್ಲಿ ಒಂದು ಮಾದರಿ ಕಾಯಿದೆ ಬರೆದಿದ್ದರು. ಕ್ಯಾಲಿಫೋರ್ನಿಯಾ ಅದನ್ನು ಒಪ್ಪಿದ್ದು 1931ರಲ್ಲಿ. ಮತ್ತೆ ಜೋಡಿ. ಹುಬ್ಬಳ್ಳಿಯ ದಲಾಲನಿಗೂ ಓಕ್‌ಲೆಂಡಿನ ಸಗಟು ವ್ಯಾಪಾರಿಗೂ ಆಗ ಸುಮಾರಾಗಿ ಒಂದೇ ಪುಸ್ತಕ. ಹಳೆಯ ಮೈಸೂರಿನವರಿಗೆ ಮಾತ್ರ ಈ ಕೇಂದ್ರ ಕಾಯಿದೆ 1951ರವರೆಗೆ ಕಾಯಬೇಕಾಯಿತು, ಸಂಸ್ಥಾನದ ನಾಡಾದ್ದರಿಂದ.

ದಾರಿ ಬೇರೆಯಾದದ್ದು ಆಮೇಲೆ. ಕಾರ್ಲ್ ಲೆವೆಲಿನ್ ಮತ್ತು ಜೊತೆಗಾರರು ವ್ಯಾಪಾರ ಕಾನೂನನ್ನು ಹೊಸದಾಗಿ ಕಟ್ಟಿದರು, ಕ್ಯಾಲಿಫೋರ್ನಿಯಾ 1965ರ ಜನವರಿ 1ರಿಂದ ಅದಕ್ಕೆ ಹೋಯಿತು. ಭಾರತ ಇನ್ನೂ 1930ರದ್ದನ್ನೇ ನಡೆಸುತ್ತಿದೆ. ವ್ಯತ್ಯಾಸ ನಿಮ್ಮ ಜೇಬಿಗೆ ತಾಗುವಂಥದ್ದು. ದಾವಣಗೆರೆಯ ಅಂಗಡಿಯಲ್ಲಿ ನಿಮ್ಮ ಸೋದರಮಾವ ಒಂದು ಟಿವಿಯನ್ನು ಇದೇ ಬೇಕೆಂದು ಆರಿಸಿ, ನಾಳೆ ಒಯ್ಯುತ್ತೇನೆ ಅಂತ ಬಿಟ್ಟುಬಂದರೆ, ಬೇರೆ ಮಾತಾಗದಿದ್ದರೆ ಆ ಕ್ಷಣಕ್ಕೇ ಟಿವಿ ಅವರದು. ಆ ರಾತ್ರಿ ಅಂಗಡಿಯವನ ತಪ್ಪಿಲ್ಲದೆ ಬೆಂಕಿ ಬಿದ್ದರೆ ಕಾನೂನಿನ ಪ್ರಕಾರ ಸುಟ್ಟದ್ದು ಸೋದರಮಾವನ ಟಿವಿ. ಸ್ಯಾನ್ ಹೋಸೆಯಲ್ಲಿ ಹಾಗಲ್ಲ. ವ್ಯಾಪಾರಿಯಿಂದ ಕೊಂಡ ಮಾಲು ನಿಮ್ಮ ಕೈಗೆ ಬರುವವರೆಗೆ ಅಪಾಯ ಅವನದೇ.

ಇನ್ನೊಂದು ಕಡೆ ಭಾರತವೇ ಹೆಚ್ಚು ನಂಬಿಕೆಯದು. ಕ್ಯಾಲಿಫೋರ್ನಿಯಾದಲ್ಲಿ 500 ಡಾಲರ್ ಅಥವಾ ಮೇಲ್ಪಟ್ಟ ಮಾಲಿಗೆ ಸಾಮಾನ್ಯವಾಗಿ ಬರಹದ ಪುರಾವೆ ಬೇಕು. ಭಾರತದಲ್ಲಿ ಎಷ್ಟೇ ಲಕ್ಷದ ಮಾಲಾದರೂ ಬಾಯಿಮಾತು ಸಾಕು. ಚಾಲ್ಮರ್ಸ್‌ನ ಕಾಯಿದೆಯಲ್ಲಿದ್ದ ಬರಹದ ಕಟ್ಟುಪಾಡನ್ನು ಭಾರತ ತನ್ನದರಲ್ಲಿ ಸೇರಿಸಿಕೊಳ್ಳಲಿಲ್ಲ. ದನದ ಜಾತ್ರೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮುಗಿಸುವ ಜನರಿಗೆ ಅದು ಒಗ್ಗುತ್ತಲೂ ಇರಲಿಲ್ಲ. ಮಾತು ಗಟ್ಟಿಯಾಗಲು ಅವರು ಕೊಡುತ್ತಿದ್ದದ್ದು ಸಂಚಕಾರ, ಅಂದರೆ ಮುಂಗಡ. ಮೂಲದಲ್ಲಿ ಅದು ಸತ್ಯಂಕಾರ, ಮಾತನ್ನು ಸತ್ಯ ಮಾಡುವ ಹಣ. ಮಿತಾಕ್ಷರದಲ್ಲೂ ಅದರ ಚರ್ಚೆ ಇದೆ. ಈಗಿನ ಕನ್ನಡ ಪತ್ರಿಕೆಗಳಲ್ಲಿ ಸಂಚಕಾರ ಅಂದರೆ ಅಪಾಯ ಅಂತಲೇ ಅರ್ಥ. ಪದಗಳ ಹಣೆಬರಹ!

ಇನ್ನು ದೋಷದ ಮಾತು. ಹತ್ತೊಂಬತ್ತನೆಯ ಶತಮಾನದ ಕಾನೂನು ಕೊಳ್ಳುವವನಿಗೆ ಹೇಳುತ್ತಿದ್ದದ್ದು ಇಷ್ಟೇ: ನೋಡಿ ಕೊಳ್ಳಬೇಕಿತ್ತು. ಕೆಲವು ವಿನಾಯಿತಿಗಳಿದ್ದವು, ಆದರೆ ಬೀಜಕ್ಕೆ ಹತ್ತು ದಿನ, ಹಸುವಿಗೆ ಮೂರು ದಿನ ಎಂಬ ಧಾರಾಳ ಎಲ್ಲಿಯೂ ಇರಲಿಲ್ಲ. ಈ ವಿಷಯದಲ್ಲಿ ಕಲ್ಯಾಣದ ಪುಸ್ತಕವೇ ಮೇಲು ಅಂತ ನನಗನ್ನಿಸುತ್ತದೆ. ಕ್ಯಾಲಿಫೋರ್ನಿಯಾ ಗ್ರಾಹಕನ ಕಡೆ ತಿರುಗಿದ್ದು 1970ರ ಸಾಂಗ್-ಬೆವರ್ಲಿ ಕಾಯಿದೆಯಿಂದ. ಆ ಸಾಂಗ್ ಅಂದರೆ ಆಲ್ಫ್ರೆಡ್ ಸಾಂಗ್, ಹವಾಯಿಯಲ್ಲಿ ಕೊರಿಯನ್ ವಲಸಿಗರ ಮನೆಯಲ್ಲಿ ಹುಟ್ಟಿದ ಸೆನೆಟರ್. ನಿಮ್ಮ ಹಾಗೆ ಎರಡನೆಯ ತಲೆಮಾರಿನವರು. ಹೊಸ ಮಾಲಿಗೆ ಅದರ ಕೆಲಸ ಮಾಡುವ ಯೋಗ್ಯತೆ ಇರಲೇಬೇಕೆಂಬ ಭರವಸೆಗೆ ಬಲ ಬಂದದ್ದು ಅಲ್ಲಿಂದ. ಹಳೆಯ ಕಾರನ್ನು ನೆರೆಮನೆಯವರಿಂದ ಇದ್ದ ಹಾಗೇ ಅಂತ ಒಪ್ಪಿ ಕೊಂಡರೆ ಮಾತ್ರ ಈ ಆಸರೆ ಸಿಗುವುದಿಲ್ಲ. ಹಾಗಾಗಿ ಮೆಕ್ಯಾನಿಕ್‌ಗೆ ತೋರಿಸಲು ಕೊಡುವ 150 ಡಾಲರಿಗೆ ಜಿಪುಣತನ ಮಾಡಬೇಡಿ. 1995ರಲ್ಲಿ ಸ್ಯಾನ್ ಹೋಸೆಯಲ್ಲಿ ಹುಟ್ಟಿದ ಇಬೇಯಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟಿಗೆ. ಕೆಟ್ಟಿದೆ ಅಂತ ಹೇಳಿಯೇ ಮಾರಿದ್ದರು. ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ವ್ಯತ್ಯಾಸ ಇರಲಿಲ್ಲ, ತಕರಾರೂ ಇರಲಿಲ್ಲ.

ಸರಕು ಅಂದರೆ ಏನು ಎಂಬ ಆ ಹಳೆಯ ಪ್ರಶ್ನೆಯ ಮೊದಲ ಉತ್ತರವನ್ನು ತಿದ್ದಲು ಬಹಳ ಕಾಲ ಹಿಡಿಯಿತು. ಭಾರತದ ಕೋರ್ಟುಗಳು ಮನುಷ್ಯರ ಮೇಲಿನ ಒಡೆತನವನ್ನು ಮಾನ್ಯ ಮಾಡಬಾರದೆಂಬ ಕಾಯಿದೆ ಬಂದದ್ದು 1843ರಲ್ಲಿ. ಅಮೆರಿಕದ ಸಂವಿಧಾನದ ಹದಿಮೂರನೆಯ ತಿದ್ದುಪಡಿ 1865ರಲ್ಲಿ. ಅದೇ ಪ್ರಶ್ನೆ ಈಗ ಬೇರೆ ವೇಷದಲ್ಲಿ ಬಂದಿದೆ, ಅದೂ ನಿಮ್ಮ ಊರಿನ ಮೂಲಕ. ಸಾಫ್ಟ್‌ವೇರ್ ಸರಕೇ? ಟಾಟಾ ಕನ್ಸಲ್ಟೆನ್ಸಿಯ ಮಾರಾಟ ತೆರಿಗೆ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 2004ರಲ್ಲಿ, ಡಿಸ್ಕಿನಲ್ಲಿ ಸಿದ್ಧವಾಗಿ ಸಿಗುವ ಸಾಫ್ಟ್‌ವೇರ್ ಸರಕೇ ಎಂದಿತು. ಈಗ ಡಿಸ್ಕೇ ಇಲ್ಲ. ನೀವು ಬೈ ಎಂಬ ಗುಂಡಿ ಒತ್ತಿ ತೆಗೆದುಕೊಂಡ ಗೇಮ್, ಸಿನಿಮಾ, ಪುಸ್ತಕ ಬಹಳಷ್ಟು ಸಲ ಮಾರಾಟವೇ ಅಲ್ಲ. ಬಳಸಲು ಕೊಟ್ಟ ಅನುಮತಿ. ಕಂಪನಿ ಸರ್ವರ್ ಮುಚ್ಚಿದರೆ ಅದೂ ಇಲ್ಲ. ತಮ್ಮನಿಗೆ ದಾಟಿಸಲಾಗದು, ಗೆಳೆಯನಿಗೆ ಅರ್ಧ ಬೆಲೆಗೆ ಮಾರಲಾಗದು. ಸೈಕಲ್ಲಿನ ಕಳ್ಳನಾದರೂ ತನ್ನದಲ್ಲದ್ದನ್ನು ಮಾರಿದ. ಇಲ್ಲಿ ಒಡೆಯನೇ ಮಾರಿದೆ ಎನ್ನುತ್ತಾನೆ, ಮಾರಿರುವುದಿಲ್ಲ.

2024ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೊಂದು ಕಾಯಿದೆ ಮಾಡಿತು, ಎಬಿ 2426. 2025ರ ಜನವರಿ 1ರಿಂದ, ಡಿಜಿಟಲ್ ಮಾಲನ್ನು ಬೈ ಎನ್ನುವ ಪದ ಹಾಕಿ ಕೊಡುವವರು ಇದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸಬೇಕು, ಇಲ್ಲವೇ ಎಂದೂ ಕಿತ್ತುಕೊಳ್ಳಲಾಗದಂತೆ ಕೊಡಬೇಕು. ಮುಂದಿನ ಸಲ ಏನಾದರೂ ಡೌನ್‌ಲೋಡ್ ಮಾಡುವಾಗ ಆ ಗುಂಡಿಯ ಪಕ್ಕದ ಸಣ್ಣ ಅಕ್ಷರ ಓದಿ ನೋಡಿ, ಅಲ್ಲಿ ಬರೆದಿರುತ್ತದೆ.